ಸೋಯಾ ಅವರೆಗೆ ಎಲೆಯ ಮೂಲಕ ಗೊಬ್ಬರ: ಯಾವಾಗ ಹೊಡೆಯಬೇಕು, ಎಷ್ಟು ಹೊಡೆಯಬೇಕು, ಯಾವಾಗ ಬೇಡ

ಒಂದು ಎಕರೆ ಸೋಯಾ ಅವರೆಗೆ 200 ಲೀಟರ್ ನೀರಿನಲ್ಲಿ ಶೇ. 2ರ ಯೂರಿಯಾ ದ್ರಾವಣ ಹೊಡೆದಿರಿ ಅಂದುಕೊಳ್ಳಿ. ಹೊಲಕ್ಕೆ ಹೋದದ್ದು 4 ಕಿಲೊ ಯೂರಿಯಾ, ಅದರಲ್ಲಿರುವ ಸಾರಜನಕ 1.8 ಕಿಲೊ. ಎಕರೆಗೆ 8 ಕ್ವಿಂಟಾಲ್ ಕಾಳು ಕೊಡುವ ಸೋಯಾ ಬಿತ್ತನೆಯಿಂದ ಕಟಾವಿನವರೆಗೆ ಎಳೆದುಕೊಳ್ಳುವ ಸಾರಜನಕ ಸುಮಾರು 60 ಕಿಲೊ. ಎಲೆಗೆ ಕೊಡುವ ಗೊಬ್ಬರ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ಈ ಎರಡು ಅಂಕಿಗಳಲ್ಲೇ ಇದೆ. ಅದು ಬೇರಿನ ಕೆಲಸವನ್ನು ತಾನು ಮಾಡಲಾರದು. ಬೇರು ಸೋಲುವ ಎರಡು ಮೂರು ವಾರಗಳಲ್ಲಿ ಮಾತ್ರ ಬೆಳೆಯ ಕೈ ಹಿಡಿಯಬಲ್ಲದು.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ನಮಗೆ ಸೋಯಾ ಹಳೆಯ ಬೆಳೆಯಲ್ಲ. ಬೀದರ್, ಬೆಳಗಾವಿ, ಧಾರವಾಡದವರಿಗೆ ಅದು ಮುಂಗಾರಿನ ಮುಖ್ಯ ಬೆಳೆ. ನಮ್ಮಲ್ಲಿ ರಾಗಿ, ಕಡಲೆಕಾಯಿ, ತೊಗರಿ, ಅವರೆಯ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು ಹಾಕುತ್ತಾರೆ. ಹಾಗಾಗಿ ಅಂಗಡಿಯಲ್ಲಿ ಸಿಗುವ ಸಲಹೆಯೆಲ್ಲ ಬೇರೆ ಬೆಳೆಯ ಅಳತೆಯದು, ಇಲ್ಲವೇ ಕಪ್ಪು ಮಣ್ಣಿನ ಅನುಭವದ್ದು. ನಮ್ಮ ಕೆಂಪು ಮಣ್ಣು, ನಮ್ಮ ಬೋರ್‌ವೆಲ್ ನೀರು, ನಮ್ಮ ಮಳೆಯ ಲೆಕ್ಕವೇ ಬೇರೆ. ಈ ಲೇಖನ ಬರೆಯುತ್ತಿರುವುದು ಅದಕ್ಕಾಗಿಯೇ.

ಸೋಯಾಕ್ಕೆ ಸಿಂಪಡಣೆ ಯಾಕೆ ಬೇಕಾಗುತ್ತದೆ?

ಸೋಯಾ ಕಾಳಿನಲ್ಲಿ ಶೇ. 40ರಷ್ಟು ಪ್ರೋಟೀನ್ ಇದೆ. ಪ್ರೋಟೀನ್ ಕಟ್ಟಲು ಸಾರಜನಕ ಬೇಕು, ನಮ್ಮಲ್ಲಿ ಬೆಳೆಯುವ ಬೇರೆ ಯಾವ ಕಾಳೂ ಇಷ್ಟು ಸಾರಜನಕ ಕೇಳುವುದಿಲ್ಲ. ಅದರ ಅರ್ಧ ಅಥವಾ ಇನ್ನೂ ಹೆಚ್ಚು ಪಾಲನ್ನು ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯಿಂದ ಹಿಡಿದು ಕೊಡುತ್ತದೆ. ಆದರೆ ಕಾಯಲ್ಲಿ ಕಾಳು ತುಂಬಲು ಶುರುವಾದಾಗ ಗಿಡ ತಾನು ತಯಾರಿಸಿದ ಸಕ್ಕರೆಯ ಹೆಚ್ಚಿನ ಪಾಲನ್ನು ಕಾಳಿಗೆ ಕಳುಹಿಸುತ್ತದೆ, ಬೇರಿಗೂ ಗಂಟಿಗೂ ಊಟ ಕಡಿಮೆಯಾಗುತ್ತದೆ. ಗಂಟುಗಳು ಸೋಲುತ್ತವೆ. ಕಾಳಿನ ಬೇಡಿಕೆ ಏರುತ್ತಲೇ ಇರುತ್ತದೆ. ಆಗ ಗಿಡ ತನ್ನ ಎಲೆಯಲ್ಲಿದ್ದ ಸಾರಜನಕ, ರಂಜಕ, ಪೊಟ್ಯಾಷನ್ನೇ ಕಿತ್ತು ಕಾಳಿಗೆ ಸಾಗಿಸುತ್ತದೆ. ಎಲೆ ಹಳದಿಯಾಗಿ ಉದುರುತ್ತದೆ. ಇನ್ನೊಂದು ವಾರ ಹಸಿರಾಗಿದ್ದಿದ್ದರೆ ಕಾಳು ಇನ್ನಷ್ಟು ದುಂಡಗಾಗುತ್ತಿತ್ತು.

ಅಮೆರಿಕದ ಅಯೋವಾ ರಾಜ್ಯದ ವಿಜ್ಞಾನಿಗಳಾದ ಗಾರ್ಸಿಯಾ ಮತ್ತು ಹ್ಯಾನ್ವೇ 1976ರಲ್ಲಿ ಹಿಡಿದದ್ದು ಈ ಎಳೆಯನ್ನೇ. ಕಾಳು ತುಂಬುವ ಹೊತ್ತಿಗೆ ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ ನಾಲ್ಕನ್ನೂ ಎಲೆಗೆ ಕೊಟ್ಟು ಇಳುವರಿ ಗಣನೀಯವಾಗಿ ಏರಿದ್ದನ್ನು ಅವರು ಪ್ರಕಟಿಸಿದರು. ದೊಡ್ಡ ಸುದ್ದಿಯಾಯಿತು. ಆಮೇಲೆ ಹಲವು ರಾಜ್ಯಗಳಲ್ಲಿ ಅದೇ ಪ್ರಯೋಗ ಮಾಡಿದಾಗ ಹೆಚ್ಚಿನ ಕಡೆ ಏರಿಕೆ ಕಾಣಲಿಲ್ಲ, ಕೆಲವೆಡೆ ಎಲೆ ಸುಟ್ಟು ಇಳುವರಿಯೇ ಇಳಿಯಿತು. 2019 ಮತ್ತು 2020ರಲ್ಲಿ ಅಲ್ಲಿನ 16 ರಾಜ್ಯಗಳಲ್ಲಿ ಮಾರುಕಟ್ಟೆಯ ಎಲೆಗೊಬ್ಬರಗಳನ್ನು ಪರೀಕ್ಷಿಸಿದಾಗಲೂ ಇಳುವರಿ ಹೆಚ್ಚಿದ್ದು ಅಪರೂಪ.

ಹಾಗಾದರೆ ನಮಗೂ ಬೇಡವೇ? ಅಲ್ಲಿಯದು ಆಳವಾದ, ಫಲವತ್ತಾದ, ಪೋಷಕಾಂಶಕ್ಕೆ ಕೊರತೆಯಿಲ್ಲದ ಮಣ್ಣು. ಕೊರತೆಯೇ ಇಲ್ಲದ ಕಡೆ ಮೇಲಿಂದ ಕೊಟ್ಟದ್ದು ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಮಳೆಯಾಶ್ರಿತ ಕೆಂಪು ಮಣ್ಣಿನಲ್ಲಿ ಕೊರತೆ ನಿಜವಾಗಿಯೂ ಇದೆ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ರಾಜ್ಯದ ಹೊಲಗಳ ಮಣ್ಣು ಪರೀಕ್ಷಿಸಿದಾಗ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡುಬಂತು. ಅಷ್ಟಾದರೂ ನಿಮ್ಮ ಹೊಲದಲ್ಲಿ ಯಾವುದು ಕಡಿಮೆ ಎಂಬುದು ನಿಮ್ಮ ಹೊಲವನ್ನೇ ಕೇಳಿ ತಿಳಿಯಬೇಕಾದದ್ದು.

ಬಿತ್ತುವ ಮೊದಲೇ ಆಗಬೇಕಾದ ಕೆಲಸ

ಮಣ್ಣು ಪರೀಕ್ಷೆ ಮಾಡಿಸಿ. ಸಾರಜನಕ, ರಂಜಕ, ಪೊಟ್ಯಾಷ್ ಜೊತೆಗೆ ಸತು, ಬೋರಾನ್, ಗಂಧಕ, ಕಬ್ಬಿಣದ ಅಂಕಿಗಳನ್ನೂ ಕೇಳಿ ಪಡೆಯಿರಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಕೃಷಿ ವಿಜ್ಞಾನ ಕೇಂದ್ರಗಳು ತಿಪಟೂರಿನ ಕೊನೆಹಳ್ಳಿ, ತುಮಕೂರು ಬಳಿಯ ಹಿರೇಹಳ್ಳಿ, ಕೋಲಾರದ ಟಮಕ, ಚಿಂತಾಮಣಿಯ ಕುರುಬೂರಿನಲ್ಲಿವೆ.

ಎರಡನೆಯದು, ಈ ಇಡೀ ಲೇಖನದಲ್ಲಿ ನನಗೆ ಅತಿ ಮುಖ್ಯವೆನಿಸುವ ಮಾತು: ಬೀಜಕ್ಕೆ ಸೋಯಾದ್ದೇ ಆದ ರೈಜೋಬಿಯಂ, ಅಂದರೆ ಬೇರಿನಲ್ಲಿ ಗಂಟು ಕಟ್ಟುವ ಬ್ಯಾಕ್ಟೀರಿಯಾ, ಲೇಪಿಸಿ. ಹಿಂದೆಂದೂ ಸೋಯಾ ಬೆಳೆಯದ ಹೊಲದಲ್ಲಿ ಅದಕ್ಕೆ ಬೇಕಾದ ಬಗೆ, ಅಂದರೆ ಬ್ರಾಡಿರೈಜೋಬಿಯಂ, ಇರುವ ಭರವಸೆ ಇಲ್ಲ. ಕಡಲೆಕಾಯಿ, ತೊಗರಿ ಬೆಳೆದ ಹೊಲದಲ್ಲಿ ಗಂಟು ಕಟ್ಟುವ ಬ್ಯಾಕ್ಟೀರಿಯಾ ಧಾರಾಳವಾಗಿದ್ದರೂ ಅದು ಸೋಯಾ ಬೇರಿಗೆ ಸರಿಯಾಗಿ ಒಗ್ಗುವುದಿಲ್ಲ. ಅಂಗಡಿಯಲ್ಲಿ ‘ರೈಜೋಬಿಯಂ ಕೊಡಿ’ ಎಂದಷ್ಟೇ ಕೇಳಬೇಡಿ. ಪೊಟ್ಟಣದ ಮೇಲೆ ಸೋಯಾ ಎಂದು ಬರೆದಿದೆಯೇ, ಅವಧಿ ಮುಗಿದಿದೆಯೇ ನೋಡಿ. ಬೆಲ್ಲದ ಅಂಟಿನಲ್ಲಿ ಲೇಪಿಸಿ, ನೆರಳಲ್ಲಿ ಆರಿಸಿ, ಅಂದೇ ಬಿತ್ತಿ. ಈ ಒಂದು ಪೊಟ್ಟಣ ಕೊಡುವ ಸಾರಜನಕವನ್ನು ಹತ್ತು ಸಿಂಪಡಣೆಯೂ ಕೊಡಲಾರದು.

ಬುಡಕ್ಕೆ ಕೊಡಬೇಕಾದ ಕೊಟ್ಟಿಗೆ ಗೊಬ್ಬರ, ಶಿಫಾರಸಿನ ರಂಜಕ ಮತ್ತು ಪೊಟ್ಯಾಷ್, ಕೊರತೆ ಇದ್ದರೆ ಸತುವಿನ ಸಲ್ಫೇಟ್, ಇವನ್ನು ಬಿತ್ತನೆಯಲ್ಲೇ ಕೊಟ್ಟುಬಿಡಿ. ‘ಆಮೇಲೆ ಎಲೆಗೆ ಹೊಡೆದರಾಯಿತು’ ಎಂದು ಬುಡದ ಗೊಬ್ಬರ ಉಳಿಸುವುದು ನಷ್ಟದ ದಾರಿ.

ಮೂವತ್ತನೆಯ ದಿನ ಬೇರು ನೋಡಿ

ಬಿತ್ತಿ 30ರಿಂದ 35 ದಿನಕ್ಕೆ ಹೊಲದ ಬೇರೆ ಬೇರೆ ಕಡೆ ನಾಲ್ಕೈದು ಗಿಡಗಳನ್ನು ಗುದ್ದಲಿಯಿಂದ ಮಣ್ಣಿನ ಹೆಂಟೆಯ ಸಮೇತ ಎತ್ತಿ. ಕೈಯಿಂದ ಕಿತ್ತರೆ ಗಂಟು ಮಣ್ಣಲ್ಲೇ ಉಳಿದುಬಿಡುತ್ತದೆ. ನೀರಲ್ಲಿ ನಿಧಾನಕ್ಕೆ ತೊಳೆದು, ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಅಥವಾ ಕೆಂಪು ಇದ್ದರೆ ಗಂಟು ಕೆಲಸ ಮಾಡುತ್ತಿದೆ. ಬಿಳಿ, ಹಸಿರು, ಬೂದು ಇದ್ದರೆ ಇಲ್ಲ.

ಗಂಟೇ ಇಲ್ಲ, ಗಿಡ ಪೂರ್ತಿ ಮಂಕು ಹಸಿರು, ಕೆಳಗಿನ ಎಲೆ ಹಳದಿ ಎಂದಾದರೆ ಆ ಹೊಲಕ್ಕೆ ಸಿಂಪಡಣೆ ಮದ್ದಲ್ಲ. ಮಣ್ಣಲ್ಲಿ ಹಸಿ ಇರುವಾಗ ಸಾಲಿನ ಪಕ್ಕದಲ್ಲಿ ಯೂರಿಯಾ ಮೇಲುಗೊಬ್ಬರ ಕೊಟ್ಟು ಎಡೆಕುಂಟೆ ಹೊಡೆಯಿರಿ. ಗಂಟು ಚೆನ್ನಾಗಿದ್ದರೆ ಈ ಹಂತದಲ್ಲಿ ಸಾರಜನಕ ಬೇಡವೇ ಬೇಡ. ಹೆಚ್ಚು ಯೂರಿಯಾ ಸಿಕ್ಕರೆ ಗಿಡ ಗಂಟನ್ನು ಸಾಕುವುದು ಬಿಟ್ಟು ಸೋಮಾರಿಯಾಗುತ್ತದೆ.

ಹಳದಿ ಎಲೆಗೆಲ್ಲ ಒಂದೇ ಕಾರಣವಿಲ್ಲ

ಎಲೆ ಹಳದಿಯಾದ ಕೂಡಲೇ ಮೊಬೈಲಿನಲ್ಲಿ ಫೋಟೊ ತೆಗೆದು ಅಂಗಡಿಗೆ ಓಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಹಳದಿ ಶುರುವಾದದ್ದು ಹಳೆಯ ಎಲೆಯಲ್ಲೋ, ಕುಡಿಯಲ್ಲೋ?

ಕೆಳಗಿನ ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಕಡಿಮೆ. ಹಳೆಯ ಎಲೆಯ ಅಂಚು ಮಾತ್ರ ಹಳದಿಯಾಗಿ ಸುಟ್ಟಂತಾದರೆ ಪೊಟ್ಯಾಷ್ ಕಡಿಮೆ. ಇವು ಗಿಡದೊಳಗೆ ಓಡಾಡುವ ಪೋಷಕಾಂಶಗಳು. ಕೊರತೆಯಾದಾಗ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ. ಕುಡಿ ಎಲೆಯ ನರ ಹಸಿರಾಗಿದ್ದು ನಡುವೆ ಹಳದಿ ಬಂದರೆ ಕಬ್ಬಿಣ, ಕುಡಿ ಎಲೆಯೇ ಒಂದೇ ಸಮ ಮಂಕಾದರೆ ಗಂಧಕ. ಸತು ಕಡಿಮೆಯಾದರೆ ಎಲೆ ಚಿಕ್ಕದಾಗಿ, ನರಗಳ ನಡುವೆ ಬಣ್ಣಗೆಡುತ್ತದೆ. ಬೋರಾನ್ ಕೊರತೆ ಕುಡಿಯಲ್ಲೂ ಹೂವಿನಲ್ಲೂ ಕಾಣುತ್ತದೆ.

ಇನ್ನು, ಎಲೆಯಲ್ಲಿ ಅಡ್ಡಾದಿಡ್ಡಿಯಾಗಿ ಕಣ್ಣು ಕುಕ್ಕುವ ಹಳದಿ ಮಚ್ಚೆ ಬಂದರೆ ಅದು ಬಿಳಿ ನೊಣ ಹರಡುವ ಹಳದಿ ನಂಜು ರೋಗ. ಯಾವ ಗೊಬ್ಬರ ಹೊಡೆದರೂ ಹೋಗುವುದಿಲ್ಲ. ಅಂಥ ಗಿಡವನ್ನು ಮೊದಲಿಗೇ ಕಿತ್ತು ಹೊರಹಾಕಿ. ತಗ್ಗಿನಲ್ಲಿ ನೀರು ನಿಂತ ಕಡೆ ಮಾತ್ರ ಹಳದಿಯಾಗಿದ್ದರೆ ಬದು ಕಡಿದು ನೀರು ಹೊರಬಿಡಿ, ಬೇರಿಗೆ ಉಸಿರು ಸಿಕ್ಕ ಮೇಲೆ ಬಣ್ಣ ತಾನಾಗಿ ತಿರುಗುತ್ತದೆ.

ಎರಡು ಸಿಂಪಡಣೆ, ಎರಡು ಉದ್ದೇಶ

ಆರಿದ್ರಾ ಅಥವಾ ಪುನರ್ವಸು ಮಳೆಗೆ ಬಿತ್ತಿದ ಸೋಯಾ ಸುಮಾರು 40 ದಿನಕ್ಕೆ ಹೂ ತೋರಿಸುತ್ತದೆ. ತಳಿ ಮತ್ತು ಬಿತ್ತನೆಯ ದಿನ ನೋಡಿ ಹಿಂದೆ ಮುಂದೆ ಆಗಬಹುದು. ದಿನ ಎಣಿಸುವುದಕ್ಕಿಂತ ಗಿಡ ನೋಡುವುದೇ ಮೇಲು. ಸೋಯಾ ಬಿಟ್ಟ ಹೂವಿನಲ್ಲಿ ಅರ್ಧಕ್ಕಿಂತ ಹೆಚ್ಚು ಉದುರಿಹೋಗುವುದು ಅದರ ಸ್ವಭಾವ. ನಾವು ಮಾಡಬಹುದಾದದ್ದು ನಿಲ್ಲುವ ಪಾಲನ್ನು ಸ್ವಲ್ಪ ಹೆಚ್ಚಿಸುವುದು.

ಮೊದಲನೆಯ ಸಿಂಪಡಣೆ ಹೂ ಚೆನ್ನಾಗಿ ಬಿಟ್ಟು ಗೆಣ್ಣುಗಳಲ್ಲಿ ಪುಟ್ಟ ಕಾಯಿ ಕಾಣಲು ಶುರುವಾದಾಗ. ಇಲ್ಲಿ ನಾವು ನೋಡುತ್ತಿರುವುದು ಕಾಯಿಯ ಸಂಖ್ಯೆ. ಶೇ. 2ರ ಡಿಎಪಿ ಸಾಕು, ಅಂದರೆ ಲೀಟರಿಗೆ 20 ಗ್ರಾಂ, ಎಕರೆಗೆ 200 ಲೀಟರ್ ನೀರಿಗೆ 4 ಕಿಲೊ. ಡಿಎಪಿ ನೇರವಾಗಿ ಕರಗುವುದಿಲ್ಲ. ಹಿಂದಿನ ರಾತ್ರಿಯೇ ಹತ್ತು ಹದಿನೈದು ಲೀಟರ್ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಬಟ್ಟೆಯಲ್ಲಿ ಸೋಸಿ ಉಳಿದ ನೀರಿಗೆ ಬೆರೆಸಿ. ತಳದ ಗಸಿಯನ್ನು ಕಲಕಬೇಡಿ, ನಾಜಲ್ ಕಟ್ಟಿಕೊಳ್ಳುತ್ತದೆ. ಆ ಗಸಿಯನ್ನು ತೆಂಗಿನ ಬುಡಕ್ಕೆ ಸುರಿಯಿರಿ. ನೆನೆಹಾಕುವ ರಗಳೆ ಬೇಡವೆಂದರೆ ನೀರಲ್ಲಿ ಕರಗುವ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ತಲಾ ಶೇ. 19) ಲೀಟರಿಗೆ 10 ಗ್ರಾಂ ಲೆಕ್ಕದಲ್ಲಿ ಹೊಡೆಯಬಹುದು. ಖರ್ಚು ಹೆಚ್ಚು, ಕೆಲಸ ಹಗುರ.

ಎರಡನೆಯದು ಮೊದಲನೆಯದಾಗಿ ಸುಮಾರು 15 ದಿನಕ್ಕೆ, ಮೇಲಿನ ಗೆಣ್ಣುಗಳ ಕಾಯನ್ನು ಬೆರಳಲ್ಲಿ ಒತ್ತಿದಾಗ ಒಳಗೆ ಪುಟ್ಟ ಕಾಳು ಸಿಗುವಾಗ. ಈಗ ಕಾಯಿಯ ಸಂಖ್ಯೆ ಬಹುತೇಕ ನಿರ್ಧಾರವಾಗಿರುತ್ತದೆ, ಉಳಿದಿರುವುದು ಕಾಳಿನ ತೂಕ. ಇಲ್ಲಿ ನಾನು ಪೊಟ್ಯಾಷಿಯಂ ನೈಟ್ರೇಟ್, ಅಂದರೆ 13:0:45, ಲೀಟರಿಗೆ 10 ಗ್ರಾಂ ಹಾಕಿ ಎನ್ನುತ್ತೇನೆ. ಎಲೆಯ ಹಸಿರಿಗೆ ಒಂದಿಷ್ಟು ಸಾರಜನಕ, ಎಲೆಯ ಸಕ್ಕರೆ ಕಾಳಿಗೆ ಸಾಗಲು ಪೊಟ್ಯಾಷ್, ಎರಡೂ ಸಿಗುತ್ತವೆ. ಕೈಯಲ್ಲಿ ಹಣ ಕಡಿಮೆಯಿದ್ದರೆ ಶೇ. 2ರ ಯೂರಿಯಾವೂ ಆದೀತು. ಯೂರಿಯಾ ಎಲೆಯೊಳಗೆ ಬೇಗ, ಗಂಟೆಗಳ ಲೆಕ್ಕದಲ್ಲಿ ಇಳಿಯುತ್ತದೆ. ರಂಜಕಕ್ಕೆ ದಿನಗಳೇ ಬೇಕು.

ಕೆಳಗಿನ ಎಲೆಗಳು ತಾವಾಗಿ ಬಣ್ಣ ತಿರುಗಿ, ಕಾಯಿ ಹಳದಿಗೆ ಬಂದ ಮೇಲೆ ಹೊಡೆದದ್ದೆಲ್ಲ ವ್ಯರ್ಥ. ಆ ಹೊತ್ತಿನಲ್ಲಿ ‘ಕೊನೆಯದಾಗಿ ಒಂದು ಹೊಡೆದುಬಿಡಿ’ ಎಂದು ಯಾರೇ ಹೇಳಲಿ, ದುಡ್ಡು ಜೇಬಲ್ಲೇ ಇರಲಿ.

ಸತು, ಬೋರಾನ್ ಮಣ್ಣು ಪರೀಕ್ಷೆಯಲ್ಲಿ ಕಡಿಮೆ ಬಂದು, ಬುಡಕ್ಕೆ ಕೊಟ್ಟಿರದಿದ್ದರೆ ಮಾತ್ರ ಎಲೆಗೆ ಕೊಡಿ. ಸತುವಿನ ಸಲ್ಫೇಟ್ ಲೀಟರಿಗೆ 5 ಗ್ರಾಂ, ಜೊತೆಗೆ ಎಲೆ ಸುಡದಂತೆ ಅದರ ಅರ್ಧದಷ್ಟು, ಅಂದರೆ 2.5 ಗ್ರಾಂ ಅರಳಿಸಿದ ಸುಣ್ಣದ ತಿಳಿನೀರು. ಇದನ್ನು ಹೂವಿಗೆ ಮೊದಲೇ, 25ರಿಂದ 30 ದಿನದೊಳಗೆ ಮುಗಿಸಿ. ಶೇ. 20ರ ಬೋರಾನ್ ಆದರೆ ಲೀಟರಿಗೆ 1 ಗ್ರಾಂ, ಹೂ ಶುರುವಾಗುವಾಗ. ಬೋರಾನಿನಲ್ಲಿ ಕೊರತೆಗೂ ವಿಷಕ್ಕೂ ಅಂತರ ಬಹಳ ಸಣ್ಣದು. ಚಮಚದ ಅಂದಾಜು ಬೇಡ, ತೂಗಿ ಹಾಕಿ.

ಪಾವಗಡ, ಶಿರಾ ಕಡೆಯ ಕಡಲೆಕಾಯಿ ಬೆಳೆಗಾರರಿಗೆ ಇಲ್ಲೊಂದು ಮಾತು. ಸುಣ್ಣಾಂಶ, ಅಂದರೆ ಕ್ಯಾಲ್ಸಿಯಂ, ಎಲೆಯಿಂದ ಕೆಳಗಿಳಿಯುವುದಿಲ್ಲ. ಕಡಲೆಕಾಯಿ ತನಗೆ ಬೇಕಾದ ಸುಣ್ಣಾಂಶವನ್ನು ಮಣ್ಣಿನೊಳಗೆ ಕಾಯಿಯ ಮೂಲಕವೇ ಹೀರಿಕೊಳ್ಳುತ್ತದೆ. ಹಾಗಾಗಿ ಕಾಯಿ ಜೊಳ್ಳಾಗದಿರಲು ಜಿಪ್ಸಂ ಹೂ ಬಿಡುವ ಹೊತ್ತಿಗೆ ಬುಡಕ್ಕೇ ಹೋಗಬೇಕು, ಎಲೆಗೆ ಹೊಡೆದ ಕ್ಯಾಲ್ಸಿಯಂ ಅಲ್ಲಿಗೆ ತಲುಪುವುದಿಲ್ಲ.

ಬಾಟಲಿಯಲ್ಲಿ ದ್ರವವಾಗಿ ಬರುವ ನ್ಯಾನೊ ಯೂರಿಯಾ ಬಗ್ಗೆ ಎಲ್ಲರೂ ಕೇಳುತ್ತಾರೆ. ಬಾಟಲಿಯ ಮೇಲೆ ಬರೆದ ಶೇಕಡಾವಾರು ನೋಡಿ ನೀವೇ ಗುಣಿಸಿ. ಶೇ. 4 ಇದ್ದರೆ ಅರ್ಧ ಲೀಟರಿನಲ್ಲಿ 20 ಗ್ರಾಂ ಸಾರಜನಕ, ಶೇ. 20 ಇದ್ದರೆ 100 ಗ್ರಾಂ. 45 ಕಿಲೊ ಯೂರಿಯಾ ಚೀಲದಲ್ಲಿ ಇರುವುದು 20 ಕಿಲೊಗೂ ಮಿಕ್ಕಿ. ಬಾಟಲಿಯನ್ನು ಚೀಲದ ಬದಲಿಗೆ ಎಣಿಸಬೇಡಿ.

ಟ್ಯಾಂಕಿನ ಲೆಕ್ಕ, ನೀರಿನ ಗುಣ

ಬೆನ್ನಿಗೆ ಹಾಕುವ 16 ಲೀಟರಿನ ಟ್ಯಾಂಕಿಗೆ ಡಿಎಪಿ ಅಥವಾ ಯೂರಿಯಾ 320 ಗ್ರಾಂ, 19:19:19 ಅಥವಾ 13:0:45 ಆದರೆ 160 ಗ್ರಾಂ, ಸತುವಿನ ಸಲ್ಫೇಟ್ 80 ಗ್ರಾಂ ಮತ್ತು ಸುಣ್ಣ 40 ಗ್ರಾಂ, ಬೋರಾನ್ 16 ಗ್ರಾಂ. ಎಕರೆಗೆ ಹನ್ನೆರಡರಿಂದ ಹದಿಮೂರು ಟ್ಯಾಂಕ್ ಬೀಳಬೇಕು. ಕೂಲಿ ಉಳಿಸಲು ಅದೇ ಗೊಬ್ಬರವನ್ನು ಆರು ಟ್ಯಾಂಕಿಗೆ ಹಾಕಿದರೆ ದ್ರಾವಣ ಎರಡು ಪಟ್ಟು ಗಟ್ಟಿಯಾಗಿ ಎಲೆಯ ಅಂಚು ಸುಡುತ್ತದೆ. ಗಾರ್ಸಿಯಾ ಮತ್ತು ಹ್ಯಾನ್ವೇ ನಂತರದ ಪ್ರಯೋಗಗಳಲ್ಲಿ ಕೆಲವು ಕಡೆ ಇಳುವರಿ ಕುಸಿದದ್ದೂ ಎಲೆ ಸುಟ್ಟಿದ್ದರಿಂದಲೇ.

ನೀರು ಯಾವುದೆಂದು ಯಾರೂ ಗಮನಿಸುವುದಿಲ್ಲ, ನಮ್ಮ ಮೂರು ಜಿಲ್ಲೆಗಳಲ್ಲಿ ಅದನ್ನೇ ಮೊದಲು ಗಮನಿಸಬೇಕು. ಸಾವಿರ ಅಡಿಯ ಬೋರ್‌ವೆಲ್ ನೀರು ಗಡಸು. ಪಾತ್ರೆಯ ಒಳಗೆ ಬಿಳಿ ಪದರ ಕಟ್ಟುವ ನೀರಿಗೆ ಡಿಎಪಿ ಅಥವಾ ರಂಜಕ, ಪೊಟ್ಯಾಷ್ ಇರುವ 0:52:34 ಗೊಬ್ಬರ ಹಾಕಿದರೆ ಅದರ ರಂಜಕ ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಮೊಸರಿನಂತೆ ತಳಕ್ಕಿಳಿಯುತ್ತದೆ. ಕೃಷಿ ಹೊಂಡದಲ್ಲಿ ನಿಂತ ಮಳೆ ನೀರಿದ್ದರೆ ಸಿಂಪಡಣೆಗೆ ಅದನ್ನೇ ಸೋಸಿ ಬಳಸಿ. ಸಂಶಯವಿದ್ದರೆ ಗಾಜಿನ ಬಾಟಲಿಯಲ್ಲಿ ಒಂದು ಲೀಟರ್ ಕಲಸಿ ಅರ್ಧ ಗಂಟೆ ಬಿಟ್ಟು ನೋಡಿ. ತಿಳಿಯಾಗಿದ್ದರೆ ಸರಿ, ಕದಡಿದರೆ ಬೇಡ.

ಅದೇ ಬಾಟಲಿ ಪರೀಕ್ಷೆಯನ್ನು ಔಷಧಿ ಬೆರೆಸುವ ಮೊದಲೂ ಮಾಡಿ. ಸತುವಿನ ಸಲ್ಫೇಟ್ ಮತ್ತು ಡಿಎಪಿ ಒಂದೇ ಟ್ಯಾಂಕಿಗೆ ಬೇಡ, ಎರಡೂ ಸೇರಿ ಗಸಿಯಾಗುತ್ತವೆ. ಕ್ಯಾಲ್ಸಿಯಂ ನೈಟ್ರೇಟನ್ನು ರಂಜಕ ಅಥವಾ ಸಲ್ಫೇಟ್ ಇರುವ ಯಾವುದರ ಜೊತೆಗೂ ಸೇರಿಸಬೇಡಿ. ಸುಣ್ಣ ಸೇರಿಸಿದ ದ್ರಾವಣಕ್ಕೆ ಕೀಟನಾಶಕ ಬೆರೆಸಲೇಬೇಡಿ. ಮೂರು ನಾಲ್ಕು ಪೊಟ್ಟಣ ಒಟ್ಟಿಗೆ ಸುರಿಯುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಯಾವುದು ಕೆಲಸ ಮಾಡಿತು, ಯಾವುದು ಸುಟ್ಟಿತು ಎಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ಇನ್ನೊಂದು ಎಚ್ಚರಿಕೆ ರಾಗಿ ಸೀಮೆಗೇ ಸೇರಿದ್ದು. ರಾಗಿ ಹೊಲದ ಅಗಲೆಲೆ ಕಳೆಗೆ 2,4-ಡಿ ಹೊಡೆದ ಟ್ಯಾಂಕಿನಲ್ಲೇ ಸೋಯಾಕ್ಕೆ ಗೊಬ್ಬರ ಹೊಡೆಯಬೇಡಿ. ಸೋಯಾ ಕೂಡ ಅಗಲೆಲೆಯ ಗಿಡ. ಪೈಪು, ವಾಷರಿನಲ್ಲಿ ಉಳಿದ ಚೂರೂ ಕುಡಿ ಸುರುಟಿಸಿ, ಕಾಂಡ ಸೊಟ್ಟಗೆ ಮಾಡಿಬಿಡುತ್ತದೆ. ಕಳೆನಾಶಕಕ್ಕೆ ಬೇರೆಯೇ ಪಂಪು ಇಡುವುದು ಒಳ್ಳೆಯದು. ಆಗದಿದ್ದರೆ ವಾಷಿಂಗ್ ಸೋಡಾ ನೀರು ತುಂಬಿ ರಾತ್ರಿಯಿಡೀ ಬಿಟ್ಟು, ನಾಜಲ್ ಬಿಚ್ಚಿ, ಹಲವು ಸಲ ತೊಳೆಯಿರಿ.

ಹೊಡೆಯುವ ದಿನ

ಇಬ್ಬನಿ ಆರಿದ ಮೇಲೆ ಒಂಬತ್ತೂವರೆಯೊಳಗೆ, ಇಲ್ಲವೇ ಸಂಜೆ ನಾಲ್ಕರ ನಂತರ. ಸಂಜೆಯದು ನನಗೆ ಹೆಚ್ಚು ಹಿಡಿಸುತ್ತದೆ. ದ್ರಾವಣ ರಾತ್ರಿಯ ತಂಪಿನಲ್ಲಿ ನಿಧಾನವಾಗಿ ಒಣಗುತ್ತದೆ, ಒಣಗುವವರೆಗೂ ಎಲೆ ಹೀರುತ್ತಿರುತ್ತದೆ. ಮಂಜಿನಂತೆ ಬೀಳುವ ಕೋನ್ ನಾಜಲ್ ಬಳಸಿ, ಎಲೆಯ ಅಡಿಭಾಗವೂ ನೆನೆಯಲಿ, ಆದರೆ ತೊಟ್ಟಿಕ್ಕುವಷ್ಟು ಬೇಡ. ಹೊಡೆದ ಮೇಲೆ ಐದಾರು ಗಂಟೆಯವರೆಗೆ ಮಳೆ ಬರುವ ಸೂಚನೆ ಇರಬಾರದು.

ನಮ್ಮ ಕಡೆ ಆಗಸ್ಟಿನಲ್ಲಿ ಮಳೆ ಕೈಕೊಟ್ಟು ಸೆಪ್ಟೆಂಬರಿನಲ್ಲಿ ಸುರಿಯುವುದು ವಾಡಿಕೆ. ಮೊದಲ ಸಿಂಪಡಣೆ ಒಣಹವೆಗೆ, ಎರಡನೆಯದು ಹುಬ್ಬೆ, ಉತ್ತರೆಯ ಮಳೆಗೆ ಸಿಕ್ಕಿಕೊಳ್ಳುವುದುಂಟು. ಬೆಳಗಿನ ಜಾವವೂ ಎಲೆ ಜೋತುಬಿದ್ದಿದ್ದರೆ ಹೊಡೆಯಬೇಡಿ. ಬಾಡಿದ ಎಲೆ ಹೀರುವುದಿಲ್ಲ, ಸುಡುತ್ತದೆ. ಒಂದು ಹದ ಮಳೆಯೋ, ತೆಳುವಾಗಿ ಒಂದು ನೀರೋ ಆಗಲಿ. ಬರಗಾಲದ ಬೆಳೆಗೆ ಒಂದು ನೀರು ಕೊಡುವ ಲಾಭವನ್ನು ಯಾವ ಗೊಬ್ಬರವೂ ಕೊಡದು.

ಮೊದಲ ಸಲ ಬಳಸುವ ಗೊಬ್ಬರವಾದರೆ ಎರಡು ಸಾಲಿಗೆ ಹೊಡೆದು ಎರಡು ದಿನ ಕಾಯಿರಿ. ಎಲೆ ಸುಡದಿದ್ದರೆ ಮುಂದುವರಿಯಿರಿ.

ಹೊಡೆಯದ ಒಂದು ಪಟ್ಟೆ ಬಿಡಿ

ಇದನ್ನು ಮಾಡುವವರು ಬಹಳ ಕಡಿಮೆ. ಮಾಡಿದವರು ಮಾತ್ರ ತಮ್ಮ ಹೊಲದ ಸತ್ಯ ತಿಳಿದವರು. ಹೊಡೆದ ಮೇಲೆ ಬೆಳೆ ಹಸಿರಾದರೆ ಗೊಬ್ಬರದ್ದೇ ಗುಣ ಎನಿಸುತ್ತದೆ. ಅದೇ ವಾರ ಮಳೆಯೂ ಬಂದಿರುತ್ತದೆ, ಅದನ್ನು ಮರೆಯುತ್ತೇವೆ.

5 ಮೀಟರ್ ಅಗಲದ ಪಟ್ಟೆಯೊಂದನ್ನು ಹೊಲದ ಇಳಿಜಾರಿನ ಉದ್ದಕ್ಕೂ, ಮೇಲಿನ ಬದುವಿನಿಂದ ಕೆಳಗಿನ ಬದುವಿನವರೆಗೆ, ಗೊಬ್ಬರ ಹೊಡೆಯದೆ ಬಿಡಿ. ನಾಲ್ಕು ಮೂಲೆಗೆ ಗೂಟ ನೆಡಿ. ಸಾಧ್ಯವಾದರೆ ಇಂಥ ಎರಡು ಪಟ್ಟೆ, ಬೇರೆ ಬೇರೆ ಕಡೆ. ಕೀಟ, ರೋಗಕ್ಕೆ ಔಷಧಿ ಹೊಡೆಯುವುದಿದ್ದರೆ ಈ ಪಟ್ಟೆಗೂ ಹೊಡೆಯಿರಿ. ಗೊಬ್ಬರ ಒಂದೇ ವ್ಯತ್ಯಾಸವಾಗಿರಬೇಕು.

ಕಟಾವಿಗೆ ಮೊದಲು ಪಟ್ಟೆಯಿಂದ ಹತ್ತು ಗಿಡ, ಪಕ್ಕದ ಹೊಡೆದ ಭಾಗದಿಂದ ಹತ್ತು ಗಿಡ ಆರಿಸದೆ ಕಿತ್ತು ಕಾಯಿ ಎಣಿಸಿ. ಹೊಡೆದ ಕಡೆ ಕಾಯಿ ಹೆಚ್ಚಿದ್ದರೆ ಮೊದಲ ಸಿಂಪಡಣೆ ಕೆಲಸ ಮಾಡಿದೆ. ಕಾಯಿ ಸಮವಿದ್ದು ನೂರು ಕಾಳಿನ ತೂಕ ಹೆಚ್ಚಿದ್ದರೆ ಎರಡನೆಯದು ಕೆಲಸ ಮಾಡಿದೆ. ಆಮೇಲೆ ಎರಡೂ ಕಡೆ 5 ಮೀಟರ್ ಅಗಲ, 10 ಮೀಟರ್ ಉದ್ದ, ಅಂದರೆ ಹೆಚ್ಚುಕಡಿಮೆ ಅರ್ಧ ಗುಂಟೆ ಬೆಳೆಯನ್ನು ಬೇರೆ ಬೇರೆಯಾಗಿ ಕೊಯ್ದು, ಒಣಗಿಸಿ, ಬಡಿದು ತೂಗಿ. ಬಂದ ತೂಕವನ್ನು 80ರಿಂದ ಗುಣಿಸಿದರೆ ಎಕರೆಯ ಇಳುವರಿ.

ಖರ್ಚಿನ ಲೆಕ್ಕ ಸುಲಭ. 50 ಕಿಲೊ ಡಿಎಪಿ ಚೀಲ 1,350 ರೂಪಾಯಿ ಆದರೆ 4 ಕಿಲೊಗೆ 108 ರೂಪಾಯಿ. ಉಳಿದದ್ದು ಕೂಲಿ ಮತ್ತು ನೀರು ಹೊರುವ ಶ್ರಮ. ಎಲ್ಲ ಸೇರಿ ಒಂದು ಸಿಂಪಡಣೆಗೆ 700 ರೂಪಾಯಿ ಬಿತ್ತು ಅಂದುಕೊಳ್ಳಿ. 2025-26ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 5,328 ರೂಪಾಯಿ ಇತ್ತು. ಆ ಬೆಲೆಯಲ್ಲಿ ಒಂದೊಂದು ಸಿಂಪಡಣೆಗೂ ಎಕರೆಗೆ ಸುಮಾರು 13 ಕಿಲೊ ಹೆಚ್ಚು ಕಾಳು ಬಂದರೆ ಹಾಕಿದ ದುಡ್ಡು ವಾಪಸು, ಅದರ ಮೇಲಿನದು ಲಾಭ. ಎರಡು ಪಟ್ಟೆಗಳಲ್ಲೂ ವ್ಯತ್ಯಾಸ ಇಷ್ಟು ಬರದಿದ್ದರೆ ಮುಂದಿನ ವರ್ಷ ಆ ಹಣವನ್ನು ಕೊಟ್ಟಿಗೆ ಗೊಬ್ಬರಕ್ಕೆ, ಸತುವಿಗೆ, ಒಳ್ಳೆಯ ರೈಜೋಬಿಯಂಗೆ ಹಾಕಿ, ಮತ್ತೆ ಒಂದು ಪಟ್ಟೆಗೆ ಮಾತ್ರ ಎಲೆಗೊಬ್ಬರ ಹೊಡೆದು ನೋಡಿ.